ವಿಜ್ಞಾನದಲ್ಲಿ 30 ಬಂದ್ರೆ ಪಾಸು ಅಂತಾರಲ್ಲ, ಹಾಗಾದ್ರೆ ನಿಜವಾಗಿ ಬದಲಾದದ್ದು ಎಂತ?

ಎಸ್ಸೆಸ್ಸೆಲ್ಸಿ, ಸೆಕೆಂಡ್ ಪಿಯುಸಿ ಪಾಸ್ ಮಾರ್ಕು 35ರಿಂದ 33ಕ್ಕೆ ಇಳೀತು ಅಂತ 2025ರ ಅಕ್ಟೋಬರಿನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಹೇಳಿದ್ರು. ಅವತ್ತಿಂದ ಮಂಗಳೂರು, ಉಡುಪಿ ಕಡೆಯ ಪೇರೆಂಟ್ಸ್ ಗ್ರೂಪುಗಳಲ್ಲಿ ಇದೇ ಗಲಾಟೆ. ಒಬ್ಬರು 33 ಬೇಕು ಅಂತಾರೆ, ಇನ್ನೊಬ್ಬರು ಇಲ್ಲ ಇಲ್ಲ 30 ಸಾಕು ಅಂತಾರೆ, ಮೂರನೆಯವರು ಸೈನ್ಸ್ ಪೇಪರಲ್ಲಿ 10 ಮಾರ್ಕಿಗೆ ಬರೆದ್ರೂ ಪಾಸಂತೆ ಮಾರಾಯ್ರೆ ಅಂತ ಫಾರ್ವರ್ಡ್ ಹಾಕ್ತಾರೆ. ಮೂರು ಜನ ಹೇಳೋದೂ ಒಂದೊಂದು ಲೆಕ್ಕದಲ್ಲಿ ಸರಿಯೇ, ಗೊಂದಲ ಆಗೋದೂ ಅದಕ್ಕೇ.

ಎಲ್ಲ ವಿಷಯಕ್ಕೂ ಒಟ್ಟಿಗೆ ಬಂದ ನಿಯಮ ಇದು. ಆದ್ರೆ ಇದರ ಪೆಟ್ಟು ಎಲ್ಲ ವಿಷಯಕ್ಕೂ ಒಂದೇ ಥರ ಬೀಳೋದಿಲ್ಲ. ಸಮಾಜ ವಿಜ್ಞಾನದಲ್ಲಿ ಕಷ್ಟಪಟ್ಟು ಪಾಸಾದ ಹುಡುಗನನ್ನು ಮುಂದೆ ಯಾರೂ ಆ ಮಾರ್ಕು ಕೇಳೋದಿಲ್ಲ, ವಿಜ್ಞಾನ ಮತ್ತೆ ಗಣಿತದ ಮಾರ್ಕನ್ನು ಮಾತ್ರ ಕೇಳಿಯೇ ಕೇಳ್ತಾರೆ. ಆದ್ದರಿಂದ ಇಲ್ಲಿ ವಿಜ್ಞಾನವನ್ನೇ ಹಿಡ್ಕೊಂಡು ನೋಡುವ.

33 ಯಾವುದಕ್ಕೆ, 30 ಯಾವುದಕ್ಕೆ

ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು 625 ಮಾರ್ಕು. ಫಸ್ಟ್ ಲ್ಯಾಂಗ್ವೇಜಿಗೆ 125, ಉಳಿದ ಐದಕ್ಕೆ ತಲಾ 100. ಈ ನೂರರಲ್ಲಿ 80 ಬರೆಯೋ ಪರೀಕ್ಷೆಗೆ, 20 ಇಂಟರ್ನಲ್ ಅಸೆಸ್‌ಮೆಂಟಿಗೆ, ಅಂದ್ರೆ ಶಾಲೆಯಲ್ಲೇ ವರ್ಷಪೂರ್ತಿ ಎಫ್‌ಎ ಅಂತ ಮಾಡಿ ಶಾಲೆಯೇ ಹಾಕೋ ಮಾರ್ಕು.

2025-26ರ ಸಾಲಿನಿಂದ ಬಂದ ಹೊಸ ಲೆಕ್ಕದಲ್ಲಿ ಎರಡು ಶರತ್ತು ಉಂಟು, ಎರಡೂ ಆಗಬೇಕು. ಎಲ್ಲ ವಿಷಯ ಸೇರಿ 33 ಪರ್ಸೆಂಟ್ ಬರಬೇಕು, ಅದು 625ಕ್ಕೆ 206. ಮತ್ತೆ ಪ್ರತಿ ವಿಷಯದಲ್ಲಿ ಇಂಟರ್ನಲ್ಲೂ ಬರೆದದ್ದೂ ಕೂಡಿಸಿ ಕನಿಷ್ಠ 30 ಬರಬೇಕು. ಪಿಯುಸಿಗೂ ಅದೇ ಕ್ರಮ, 600ಕ್ಕೆ 198, ಒಂದೊಂದು ವಿಷಯಕ್ಕೆ 30. ರೆಗ್ಯುಲರ್, ರಿಪೀಟರ್, ಪ್ರೈವೇಟ್ ಕ್ಯಾಂಡಿಡೇಟ್ ಅಂತ ವ್ಯತ್ಯಾಸ ಇಲ್ಲ.

ಒಬ್ಬ ಹುಡುಗನಿಗೆ ಕನ್ನಡದಲ್ಲಿ 125ಕ್ಕೆ 50, ಉಳಿದ ಐದರಲ್ಲೂ 30 ಬಂತು ಅಂತಿಟ್ಕೊಳ್ಳಿ. ಒಂದೊಂದೇ ವಿಷಯ ನೋಡಿದ್ರೆ ಎಲ್ಲೂ ಸಿಕ್ಕಿಬೀಳೋದಿಲ್ಲ, ಆದ್ರೂ ಅವ ಫೇಲು, ಯಾಕಂದ್ರೆ ಒಟ್ಟು 200 ಆಯ್ತು, 206ಕ್ಕೆ ಆರು ಕಮ್ಮಿ. ಅದೇ ಹುಡುಗನಿಗೆ ಕನ್ನಡದಲ್ಲಿ 56 ಬಂದಿದ್ರೆ ಪಾಸು. ಇನ್ನೊಬ್ಬಳಿಗೆ ಒಟ್ಟು 350 ಬಂದು ವಿಜ್ಞಾನದಲ್ಲಿ ಮಾತ್ರ 29 ಅಂದ್ರೆ ಅವಳು ವಿಜ್ಞಾನದಲ್ಲಿ ಫೇಲು. 30 ಅನ್ನೋದು ಒಂದು ವಿಷಯದ ಹೊಸಿಲು, 33 ಅನ್ನೋದು ಒಟ್ಟು ಮೊತ್ತದ ಹೊಸಿಲು, ಇಷ್ಟು ಗೊತ್ತಿದ್ರೆ ಅರ್ಧ ಗೊಂದಲ ಮುಗೀತು.

ವಿಜ್ಞಾನದಲ್ಲಿ ಬರೀ 30 ತೆಗೆದವನು ಉಳಿದದ್ದರಲ್ಲಿ ಸರಿದೂಗಿಸಬೇಕಾದ್ದು ಎಷ್ಟು? 525ಕ್ಕೆ 176, ಅಂದ್ರೆ ಮೂವತ್ತಮೂರೂವರೆ ಪರ್ಸೆಂಟ್. ಗಣಿತವೂ ವಿಜ್ಞಾನವೂ ಎರಡೂ 30ರಲ್ಲೇ ನಿಂತ್ರೆ ಉಳಿದ ನಾಲ್ಕರಲ್ಲಿ 425ಕ್ಕೆ 146. ಒಟ್ಟು ಮೊತ್ತದ ಹೊಸಿಲು ಇದೆಯಲ್ಲ, ಅದೇ ತಡೀತದೆ ಅಂತ ಹೇಳುವವರಿಗೆ ಈ ಲೆಕ್ಕ ತೋರಿಸಬೇಕು. ತಡೆಯೋದು ಬಹಳ ಕಮ್ಮಿ.

ಹೆಡ್‌ಲೈನಿನಲ್ಲಿ ಬಾರದ 28

ಪೇಪರಿನವರು, ಟೀವಿಯವರು ಎಲ್ಲ 35 ಹೋಗಿ 33 ಬಂತು ಅಂತ ಹಾಕಿದ್ರು. ಎರಡು ಪರ್ಸೆಂಟ್ ತಾನೇ, ಎಂತ ದೊಡ್ಡ ವಿಷಯ ಅಂತ ಅನಿಸ್ತದೆ. ಮೊದಲು 219 ಬೇಕಿತ್ತು ಈಗ 206, ಆರು ವಿಷಯ ಸೇರಿ ಹದಿಮೂರು ಮಾರ್ಕಿನ ವ್ಯತ್ಯಾಸ. ಇಷ್ಟಕ್ಕೆ ಯಾರೂ ತಲೆಕೆಡಿಸ್ಕೊಳ್ಳಬೇಕಾಗಿಲ್ಲ.

ತಲೆಕೆಡಿಸ್ಕೊಳ್ಳಬೇಕಾದ್ದು ಬೇರೆ ಕಡೆ ಉಂಟು. ಹಳೇ ನಿಯಮದಲ್ಲಿ ವಿಜ್ಞಾನದ ಬರೆಯೋ ಪೇಪರಿಗೇ ಪ್ರತ್ಯೇಕವಾಗಿ 80ಕ್ಕೆ 28 ಬೇಕಿತ್ತು. ಇಂಟರ್ನಲ್ಲಿನಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಬಂದಿದ್ರೂ ಪೇಪರಿನಲ್ಲಿ 27 ಬಂದ್ರೆ ಕತೆ ಮುಗೀತು. ಹೊಸ ನಿಯಮದಲ್ಲಿ ನೋಡೋದು ಎರಡೂ ಕೂಡಿದ 30ನ್ನು. ಆಗ ಇಂಟರ್ನಲ್ 16 ಇದ್ದವನಿಗೆ ಪೇಪರಿನಲ್ಲಿ 14 ಸಾಕು, 18 ಇದ್ದವನಿಗೆ 12 ಸಾಕು, ಪೂರ್ತಿ 20 ಇದ್ದವನಿಗೆ 10 ಸಾಕು. ಆ ಫಾರ್ವರ್ಡ್ ಮೆಸೇಜಿನ ಹತ್ತು ಬಂದದ್ದು ಇಲ್ಲಿಂದ. ಅದು ಸುಳ್ಳಲ್ಲ, ಆದ್ರೆ ಫುಲ್ ಇಂಟರ್ನಲ್ ಇದ್ದವನಿಗೆ ಮಾತ್ರ ಅನ್ನೋದನ್ನು ಮೆಸೇಜ್ ಹಾಕಿದವರು ಬಿಟ್ಟುಬಿಟ್ರು.

80ಕ್ಕೆ 28 ಇದ್ದದ್ದು 80ಕ್ಕೆ 10ರಿಂದ 14ರ ಆಚೀಚೆಗೆ ಬಂತು. ಎರಡು ಪರ್ಸೆಂಟ್ ಇಳಿಕೆ ಅನ್ನೋ ಮಾತಿಗೂ ಇದಕ್ಕೂ ಆಕಾಶ ಭೂಮಿ ವ್ಯತ್ಯಾಸ.

ಹತ್ತು ಹನ್ನೆರಡು ಮಾರ್ಕು ಅಂದ್ರೆ ವಿಜ್ಞಾನದ ಪೇಪರಿನಲ್ಲಿ ಎಷ್ಟು ವಿಜ್ಞಾನ? ಈಚಿನ ವರ್ಷಗಳ ಮಾದರಿಯಲ್ಲಿ ಒಟ್ಟು 38 ಪ್ರಶ್ನೆ, ಭೌತ, ರಸಾಯನ, ಜೀವಶಾಸ್ತ್ರ ಅಂತ ಮೂರು ಭಾಗ. ಬಹುಆಯ್ಕೆ ಎಂಟು, ಒಂದು ಮಾರ್ಕಿನದ್ದು ಎಂಟು, ಎರಡರದ್ದು ಎಂಟು, ಮೂರರದ್ದು ಒಂಬತ್ತು, ನಾಲ್ಕರದ್ದು ನಾಲ್ಕು, ಐದರದ್ದು ಒಂದು. ಬಹುಆಯ್ಕೆ ಎಂಟಕ್ಕೂ ಕಣ್ಣುಮುಚ್ಚಿ ಟಿಕ್ ಹಾಕಿದ್ರೂ ಸರಾಸರಿ ಎರಡು ಬರ್ತದೆ. ಬಾಯಿಪಾಠ ಮಾಡಿದ ಒಂದು ಮಾರ್ಕಿನದ್ದು ಎರಡು ಮೂರು, ಮಾನವನ ಕಣ್ಣು ಅಥವಾ ನೆಫ್ರಾನ್ ಚಿತ್ರ ಬಿಡಿಸಿ ಭಾಗ ಗುರುತಿಸಿದ್ರೆ ಎರಡು ಮೂರು, ಒಂದು ಸಮೀಕರಣ ಸರಿದೂಗಿಸಿದ್ರೆ ಇನ್ನೆರಡು. ಹತ್ತು ಆಯ್ತು. ಓಮ್‌ನ ನಿಯಮ ಗೊತ್ತಿಲ್ಲ, ಆಮ್ಲ ಪ್ರತ್ಯಾಮ್ಲ ಸೇರಿದ್ರೆ ಎಂತ ಆಗ್ತದೆ ಗೊತ್ತಿಲ್ಲ, ಅನುವಂಶೀಯತೆ ಪಾಠ ಓದಿಯೇ ಇಲ್ಲ, ಆದ್ರೂ ಆ ಹುಡುಗನ ಮಾರ್ಕ್ಸ್ ಕಾರ್ಡಿನಲ್ಲಿ ವಿಜ್ಞಾನದ ಎದುರು ಪಾಸ್ ಅಂತ ಬರ್ತದೆ.

ಹಾಗಂತ ಹಿಂದಿನ 28ನ್ನು ಭಾರೀ ದೊಡ್ಡ ಮಾಡ್ಲಿಕ್ಕೂ ಇಲ್ಲ. ಪಾಸಿಂಗ್ ಪ್ಯಾಕೇಜ್ ಅಂತ ಹೈಸ್ಕೂಲುಗಳಲ್ಲಿ ಒಂದು ಪದ್ಧತಿ ಉಂಟು, ಓದ್ಲಿಕ್ಕೆ ಹಿಂದೆ ಇರುವ ಮಕ್ಕಳಿಗೆ ಬ್ಲೂಪ್ರಿಂಟ್, ಅಂದ್ರೆ ಯಾವ ಪಾಠಕ್ಕೆ ಎಷ್ಟು ಮಾರ್ಕು ಅನ್ನೋ ಪಟ್ಟಿ ನೋಡಿ ಆಯ್ದ ಪ್ರಶ್ನೆ, ಆಯ್ದ ಚಿತ್ರ ಮಾತ್ರ ಬರೆಸಿ ಬರೆಸಿ ಅಭ್ಯಾಸ ಮಾಡಿಸೋದು. 28ರ ಕಾಲದಲ್ಲೂ ಎಷ್ಟೋ ಮಕ್ಕಳು ದಾಟಿದ್ದು ಅದರಿಂದಲೇ. ಆದ್ರೆ 28ಕ್ಕೆ ಆ ಪ್ಯಾಕೇಜಿನಲ್ಲಿ ನಾಲ್ಕೈದು ಪಾಠವಾದ್ರೂ ಬೇಕಿತ್ತು, ಹನ್ನೆರಡಕ್ಕೆ ಅಷ್ಟು ಬೇಡ. ಟೀಚರ್ ಎಷ್ಟು ಪಾಠ ಕೂತು ಹೇಳಿಕೊಡ್ತಾರೆ ಅನ್ನೋದನ್ನು ಹೊಸಿಲೇ ತೀರ್ಮಾನ ಮಾಡ್ತದೆ. ತಾಲೂಕಿನ ಶಿಕ್ಷಣಾಧಿಕಾರಿ ಬಿಇಒ ಆಫೀಸಿನಿಂದ ಪಾಸ್ ಪರ್ಸೆಂಟೇಜ್ ಎಷ್ಟು ಅಂತ ಫೋನ್ ಬರುವ ಜಾಗದಲ್ಲಿ ಯಾವ ಟೀಚರೂ ಹೊಸಿಲು ದಾಟಿದ ಮಗುವಿಗೆ ಇನ್ನೂ ಒಂದು ಗಂಟೆ ಕೊಡೋದಿಲ್ಲ, ಹೊಸಿಲಿನ ಕೆಳಗೆ ಇರುವ ಮಗುವಿಗೆ ಕೊಡ್ತಾರೆ. ಅವರ ಜಾಗದಲ್ಲಿ ಯಾರಿದ್ರೂ ಹಾಗೇ ಮಾಡ್ತಾರೆ.

ಇಂಟರ್ನಲ್ ಮೇಲೆ ಬಿದ್ದ ಭಾರ

ಇಂಟರ್ನಲ್ ಇಪ್ಪತ್ತು ಮಾರ್ಕು ಇಲ್ಲಿವರೆಗೆ ಮೇಲೆ ಹಾಕುವ ತುಪ್ಪದ ಹಾಗೆ ಇತ್ತು, ಪರ್ಸೆಂಟೇಜ್ ಏರಿಸ್ಲಿಕ್ಕೆ ಉಪಯೋಗ, ಪಾಸು ಫೇಲು ತೀರ್ಮಾನ ಆಗೋದು ಪೇಪರಿನಲ್ಲೇ. ಈಗ ಅದೇ ತೀರ್ಮಾನದ ಜಾಗಕ್ಕೆ ಬಂತು. 30ರಲ್ಲಿ 20 ಕೊಡುವ ಅಧಿಕಾರ ಶಾಲೆಗೆ.

ಬೇರೆ ವಿಷಯಕ್ಕಿಂತ ವಿಜ್ಞಾನದಲ್ಲಿ ಇದು ಜಾಸ್ತಿ ನಾಜೂಕು. ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಪ್ರತ್ಯೇಕ ಪ್ರಾಕ್ಟಿಕಲ್ ಎಕ್ಸಾಂ ಇಲ್ಲ, ಪಿಯುಸಿಯ ಹಾಗೆ ಹೊರಗಿಂದ ಎಕ್ಸಾಮಿನರ್ ಬಂದು ನಿಂತು ನೋಡೋದಿಲ್ಲ. ಪ್ರಯೋಗ ಮಾಡಿಸಿದ್ರಾ, ರೆಕಾರ್ಡ್ ಬರೆಸಿದ್ರಾ, ಎಲ್ಲ ಆ ಎಫ್‌ಎ ಒಳಗೇ. ಚೆನ್ನಾಗಿ ಮಾಡುವ ಶಾಲೆಯಲ್ಲಿ ಲಿಟ್ಮಸ್ ಕಾಗದ, ಪೀನಮಸೂರ, ಸರ್ಕ್ಯೂಟ್ ಬೋರ್ಡ್ ಮಕ್ಕಳ ಕೈಗೇ ಬರ್ತದೆ, ಅಲ್ಲಿ 18 ಅಂದ್ರೆ ಅದಕ್ಕೊಂದು ಬೆಲೆ ಉಂಟು. ಇನ್ನೊಂದು ಕಡೆ ಸಿಬಿಝಡ್, ಅಂದ್ರೆ ರಸಾಯನ, ಜೀವಶಾಸ್ತ್ರ ಓದಿಸುವ ಟೀಚರ್ ಪೋಸ್ಟೇ ಖಾಲಿ, ಗೆಸ್ಟ್ ಟೀಚರ್ ಬರೋದು ತಡ, ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಓದಿ ಬಂದ ಪಿಸಿಎಂ ಟೀಚರೇ ಜೀವಶಾಸ್ತ್ರವನ್ನೂ ಓದಿಸಿ ಮುಗಿಸಬೇಕು ಅನ್ನೋ ಪರಿಸ್ಥಿತಿ ಇದ್ರೆ, ಅಲ್ಲಿಯೂ 18 ಬರ್ತದೆ. ಮಾರ್ಕ್ಸ್ ಕಾರ್ಡಿನಲ್ಲಿ ಎರಡಕ್ಕೂ ಬಣ್ಣ ಒಂದೇ.

ಶಾಲೆಯವರನ್ನು ದೂರಿ ಪ್ರಯೋಜನ ಇಲ್ಲ. ನಮ್ಮ ಮಗು ಎರಡು ಮಾರ್ಕಿಗೆ ಫೇಲಾದದ್ದು ನೀವು ಇಂಟರ್ನಲ್ ಕಮ್ಮಿ ಹಾಕಿದ್ದಕ್ಕೆ ಅಂತ ಅಪ್ಪ ಅಮ್ಮ ಸ್ಟಾಫ್ ರೂಮಿಗೆ ಬಂದು ನಿಲ್ಲುವ ದಿನ ಇನ್ನು ದೂರ ಇಲ್ಲ, ಮೊದಲು ಆ ಮಾತಿಗೆ ಆಸ್ಪದ ಇರ್ಲಿಲ್ಲ, ಈಗ ಉಂಟು. ಅದಕ್ಕೆ ಹೆದರಿ ಮೊದಲೇ ಉದಾರವಾಗಿ ಹಾಕುವ ಕಡೆಗೇ ಎಲ್ಲರೂ ವಾಲ್ತಾರೆ.

ಇಲ್ಲಿವರೆಗೆ ಬಂದದ್ದು ಹೇಗೆ

ಈ ನಿಯಮ ಏಕಾಏಕಿ ಆಕಾಶದಿಂದ ಬಿದ್ದದ್ದಲ್ಲ. 2023ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ 83.89 ಪರ್ಸೆಂಟ್ ಇತ್ತು. 2024ರಲ್ಲಿ ಎರಡು ಬದಲಾವಣೆ ಒಟ್ಟಿಗೆ ಬಂತು. ಒಂದು, ಸಪ್ಲಿಮೆಂಟರಿ ಅನ್ನೋದು ಹೋಗಿ ಪರೀಕ್ಷೆ 1, 2, 3 ಅಂತ ಮೂರು ಅವಕಾಶ. ಇನ್ನೊಂದು, ಪರೀಕ್ಷಾ ಕೊಠಡಿಗೆ ಸಿಸಿ ಕ್ಯಾಮರಾ ಹಾಕಿ ವೆಬ್‌ಕಾಸ್ಟಿಂಗ್, ಯಾರು ತಲೆ ತಿರುಗಿಸಿದ್ರು ಅಂತ ಕಂಟ್ರೋಲ್ ರೂಮಿನಲ್ಲಿ ಕೂತು ನೋಡೋದು.

ಕ್ಯಾಮರಾ ಬಂದದ್ದೇ ತಡ ಫಲಿತಾಂಶ ಧೊಪ್ಪಂತ ಬಿತ್ತು. ಅದನ್ನು ಎತ್ತಿ ನಿಲ್ಲಿಸ್ಲಿಕ್ಕೆ ಆ ವರ್ಷ ಗ್ರೇಸ್ ಮಾರ್ಕನ್ನು, ಅಂದ್ರೆ ಸ್ವಲ್ಪದರಲ್ಲಿ ಬಿದ್ದವರನ್ನು ಪಾಸ್ ಮಾಡ್ಲಿಕ್ಕೆ ಮೇಲಿಂದ ಕೊಡುವ ಮಾರ್ಕನ್ನು, 10 ಪರ್ಸೆಂಟಿನಿಂದ 20 ಪರ್ಸೆಂಟಿಗೆ ಏರಿಸಿದ್ರು, ಗ್ರೇಸ್ ಸಿಗ್ಲಿಕ್ಕೆ ಬೇಕಾದ ಅರ್ಹತೆಯನ್ನು 35ರಿಂದ 25ಕ್ಕೆ ಇಳಿಸಿದ್ರು. ಅಷ್ಟು ಮಾಡಿಯೂ ಬಂದದ್ದು 73.40. ಹೀಗೆ ಗ್ರೇಸ್ ಕೊಟ್ಟದ್ದಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೇ ಬೇಸರ ಮಾಡಿದ್ರು, ಮುಂದಿನ ವರ್ಷ ಆ ಗ್ರೇಸ್ ನಿಂತಿತು. 2025ರಲ್ಲಿ ಫಲಿತಾಂಶ ಇನ್ನೂ ಕೆಳಗೆ, 66.14. ಆಮೇಲೆ ಕರಡು ಬಂತು, ಅಭಿಪ್ರಾಯ ಕೇಳಿದ್ರು, ಅಕ್ಟೋಬರಿನಲ್ಲಿ 33 ಘೋಷಣೆ ಆಯ್ತು.

ಕ್ರಮವಾಗಿ ಜೋಡಿಸಿ ನೋಡಿದ್ರೆ ವಿಷಯ ಸ್ಪಷ್ಟ. ನಕಲು ನಿಲ್ಲಿಸಿದ್ದರಿಂದ ನಿಜವಾದ ಮಟ್ಟ ಕಂಡಿತು, ಕಂಡದ್ದು ಸಹಿಸ್ಲಿಕ್ಕೆ ಕಷ್ಟ ಆಯ್ತು, ಗ್ರೇಸಿನಿಂದ ಮುಚ್ಚುವ ಅಂದ್ರೆ ಮರ್ಯಾದೆ ಪ್ರಶ್ನೆ ಬಂತು, ಕಡೆಗೆ ಹೊಸಿಲನ್ನೇ ಇಳಿಸಿ ಕೂರಿಸಿದ್ದು. 2024ರಲ್ಲಿ ಒಂದು ವರ್ಷಕ್ಕೆ ಕೊಟ್ಟ ಗ್ರೇಸನ್ನು ಬೇರೆ ರೂಪದಲ್ಲಿ ಕಾಯಂ ಮಾಡಿದ್ರು ಅಂತ ಹೇಳಿದ್ರೆ ಸರ್ಕಾರದವರಿಗೆ ಕೋಪ ಬರಬಹುದು, ಆದ್ರೆ ಆ ಅಂಕಿಗಳು ಬೇರೆ ಕತೆ ಹೇಳೋದಿಲ್ಲ.

ಸರಿ ಅನ್ನುವವರ ವಾದ

ಇದನ್ನು ಬೆಂಬಲಿಸುವವರು ದಡ್ಡರೇನಲ್ಲ, ಅವರ ಮಾತಲ್ಲಿ ಹುರುಳುಂಟು.

ಮೊದಲನೆಯದ್ದು ಸಿಬಿಎಸ್‌ಇ ಹೋಲಿಕೆ. ಖಾಸಗಿ ಶಾಲೆಗಳ ಸಂಘಟನೆ ಬಹಳ ಕಾಲದಿಂದ ಕೇಳ್ತಾ ಇದ್ದದ್ದು ಇದನ್ನೇ. ಸಿಬಿಎಸ್‌ಇ ಹತ್ತನೇ ಕ್ಲಾಸಿನಲ್ಲೂ ವಿಜ್ಞಾನಕ್ಕೆ 80 ಪೇಪರು 20 ಇಂಟರ್ನಲ್, ಅಲ್ಲಿಯೂ ಎರಡನ್ನೂ ಕೂಡಿಸಿ 33 ನೋಡ್ತಾರೆ. ಐಸಿಎಸ್‌ಇಯವರೂ 35ರಿಂದ 33ಕ್ಕೆ ಇಳಿದು ವರ್ಷಗಳಾದ್ವು. ಮಂಗಳೂರಿನ ಬಿಜೈಯ ಒಂದೇ ಫ್ಲ್ಯಾಟಿನ ಎರಡು ಮಕ್ಕಳಲ್ಲಿ ಫೀಸ್ ಜಾಸ್ತಿ ಕೊಟ್ಟು ಸಿಬಿಎಸ್‌ಇಗೆ ಹೋದವ ಪಾಸು, ಅದೇ ಮಟ್ಟದ ಸರ್ಕಾರಿ ಶಾಲೆಯವ ಫೇಲು ಅಂದ್ರೆ ಅದು ಯಾವ ನ್ಯಾಯ? ಈ ಪ್ರಶ್ನೆಗೆ ವಿರೋಧಿಸುವವರ ಹತ್ರ ಒಳ್ಳೆ ಉತ್ತರ ಇಲ್ಲ.

ಎರಡನೆಯದ್ದು ಫೇಲ್ ಅನ್ನೋ ಮುದ್ರೆ ಮಾಡುವ ಹಾನಿ. ಒಂದು ವಿಜ್ಞಾನದಲ್ಲಿ ಬಿದ್ದು ಮನೆಯಲ್ಲಿ ಕೂತ ಹುಡುಗ ಬೋಟಿಗೋ ಸೆಂಟ್ರಿಂಗ್ ಕೆಲಸಕ್ಕೋ ಹೋದ್ರೆ ಮತ್ತೆ ಪುಸ್ತಕ ಹಿಡಿಯೋದು ಅಪರೂಪ. ಹುಡುಗಿಯಾದ್ರೆ ಮನೆಯವರು ಸಂಬಂಧ ಹುಡುಕ್ಲಿಕ್ಕೆ ಶುರು. ಕಾಮರ್ಸೋ ಆರ್ಟ್ಸೋ ಓದಿ ಬದುಕು ಕಟ್ಟಿಕೊಳ್ಳುವ ಮಗುವನ್ನು ಪೀನಮಸೂರದ ಕಿರಣಚಿತ್ರ ಬಿಡಿಸ್ಲಿಕ್ಕೆ ಬರ್ಲಿಲ್ಲ ಅಂತ ಅಲ್ಲಿಗೇ ನಿಲ್ಲಿಸೋದು ಯಾಕೆ ಅಂತ ಅವರು ಕೇಳ್ತಾರೆ. ಅಂದಹಾಗೆ ವಿಜ್ಞಾನ ಎಲ್ಲರಿಗೂ ಕಡ್ಡಾಯ ಅನ್ನೋದೂ ಪೂರ್ತಿ ನಿಜ ಅಲ್ಲ. ಎಸ್ಸೆಸ್ಸೆಲ್ಸಿ ಟೈಂಟೇಬಲ್ ಸೂಕ್ಷ್ಮವಾಗಿ ನೋಡಿ, ವಿಜ್ಞಾನದ ದಿನ ರಾಜ್ಯಶಾಸ್ತ್ರ, ಸಂಗೀತ ಅಂತಲೂ ಬರೆದಿರ್ತದೆ, ಗಣಿತದ ದಿನ ಸಮಾಜಶಾಸ್ತ್ರ ಅಂತ. ವಿಶೇಷ ಅಗತ್ಯದ ಮಕ್ಕಳಿಗೆ ಬದಲಿ ವಿಷಯದ ದಾರಿ ಮೊದಲಿಂದಲೂ ಉಂಟು. ಅಂದ್ರೆ ಎಲ್ಲರಿಗೂ ಒಂದೇ ಅಳತೆ ಬೇಡ ಅನ್ನೋದನ್ನು ವ್ಯವಸ್ಥೆ ತತ್ವದಲ್ಲಿ ಒಪ್ಪಿಕೊಂಡಾಗಿದೆ.

ತಲಪಾಡಿ ಗಡಿ ದಾಟಿದ್ರೆ ಉಲ್ಟಾ

ಮಂಗಳೂರಿನವರಿಗೆ ಇನ್ನೂ ತಲೆತಿರುಗುವ ವಿಷಯ ಎಂತಂದ್ರೆ ಪಕ್ಕದ ಕೇರಳ ಇದೇ ಹೊತ್ತಿಗೆ ಸರಿಯಾಗಿ ಉಲ್ಟಾ ದಿಕ್ಕಿನಲ್ಲಿ ಹೊರಟಿದೆ. ಅಲ್ಲಿ ಇಂಟರ್ನಲ್ ಮತ್ತು ಬರೆದದ್ದು ಕೂಡಿಸಿ 30 ಪರ್ಸೆಂಟ್ ಬಂದ್ರೆ ಡಿ ಪ್ಲಸ್, ಪಾಸು. ಅಂದ್ರೆ ನಾವು ಈಗ ತಂದ ಪದ್ಧತಿ ಅಲ್ಲಿ ಮೊದಲೇ ಇತ್ತು. ಅದರಿಂದಾಗಿ ಪಾಸ್ ಪರ್ಸೆಂಟೇಜ್ 99ರ ಮೇಲೆ ಹೋಗಿ, ಅಕ್ಷರ ಕೂಡಿಸಿ ಓದ್ಲಿಕ್ಕೆ ಬಾರದವರೂ ಪಾಸಾಗ್ತಾರೆ ಅಂತ ಅಲ್ಲಿ ದೊಡ್ಡ ಚರ್ಚೆ ಆಯ್ತು. ಕೊನೆಗೆ 2024ರಲ್ಲಿ ಸಬ್ಜೆಕ್ಟ್ ಮಿನಿಮಮ್ ಅಂತ ತಂದ್ರು, ಬರೆಯೋ ಪೇಪರಿನಲ್ಲೇ ಪ್ರತ್ಯೇಕವಾಗಿ 30 ಪರ್ಸೆಂಟ್ ಬೇಕು ಅಂತ. ಮೊದಲು ಎಂಟನೇ ಕ್ಲಾಸಿಗೆ, 2025-26ರಲ್ಲಿ ಒಂಬತ್ತಕ್ಕೆ, 2026-27ರಿಂದ ಹತ್ತಕ್ಕೆ ಅಂತ ಹಂತ ಹಂತವಾಗಿ.

ಗಡಿಯಾಚೆ ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಮೀಡಿಯಂ ಮಕ್ಕಳು ಬರೆಯೋದು ಆ ಕೇರಳದ ಪರೀಕ್ಷೆಯನ್ನೇ. ಅವರಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಬೇರೆ ಬೇರೆ ಪೇಪರು, ಒಂದೊಂದು 40 ಮಾರ್ಕಿಗೆ. ಹೊಸ ಕ್ರಮದಲ್ಲಿ ಒಂದೊಂದರಲ್ಲೂ 12 ಬೇಕು, ಜೀವಶಾಸ್ತ್ರದಲ್ಲಿ ಚೆನ್ನಾಗಿ ಬರೆದು ಫಿಸಿಕ್ಸ್ ಬಿಟ್ಟುಬಿಡುವ ದಾರಿ ಇಲ್ಲ. ತಲಪಾಡಿ ಟೋಲ್ ಗೇಟಿನ ಈಚೆ ಇರುವ ಹುಡುಗನಿಗೆ ಮೂರೂ ಸೇರಿ ಒಂದೇ ಪೇಪರು, 80ಕ್ಕೆ ಹತ್ತೋ ಹನ್ನೆರಡೋ ಬಂದ್ರೆ ಆಯ್ತು. ಇಬ್ಬರೂ ಮುಂದೆ ಬಂದು ಸೇರೋದು ಇದೇ ಮಂಗಳೂರಿನ ಕಾಲೇಜುಗಳಿಗೆ, ಒಂದೇ ಬೆಂಚಿಗೆ.

ಕೇರಳದಲ್ಲಿ ಗಮನಿಸಬೇಕಾದ್ದು ಇನ್ನೊಂದು ಉಂಟು. ಮಿನಿಮಮ್ ಬಾರದ ಮಕ್ಕಳನ್ನು ಅದೇ ಕ್ಲಾಸಲ್ಲಿ ಕೂರಿಸೋದಲ್ಲ, ರಜೆಯಲ್ಲಿ ಸ್ಪೆಷಲ್ ಕ್ಲಾಸ್ ಮಾಡಿ ಆ ವಿಷಯಕ್ಕೆ ಮಾತ್ರ ಮತ್ತೆ ಪರೀಕ್ಷೆ ಕೊಡೋದು. ಅದೂ ಎಂಟನೇ ಕ್ಲಾಸಿನಿಂದಲೇ ಶುರು ಮಾಡಿ ಹತ್ತಕ್ಕೆ ಬರೋದು. ನಮ್ಮಲ್ಲಿ ಎಲ್ಲ ಚರ್ಚೆಯೂ ಹತ್ತನೇ ಕ್ಲಾಸಿನ ಮಾರ್ಚ್ ತಿಂಗಳಲ್ಲೇ ಶುರುವಾಗಿ ಅಲ್ಲೇ ಮುಗೀತದೆ.

ಮಹಾರಾಷ್ಟ್ರದಲ್ಲಿ ಮೂರನೇ ಒಂದು ಯೋಚನೆ ಬಂದಿತ್ತು. 2024ರ ಅಲ್ಲಿನ ಪಠ್ಯಕ್ರಮ ಚೌಕಟ್ಟಿನಲ್ಲಿ ಗಣಿತ, ವಿಜ್ಞಾನಕ್ಕೆ 20 ಬಂದ್ರೂ ಮುಂದಿನ ಕ್ಲಾಸಿಗೆ ಬಿಡುವ, ಆದ್ರೆ 35ಕ್ಕಿಂತ ಕಮ್ಮಿ ಇದ್ದವರ ಮಾರ್ಕ್ಸ್ ಕಾರ್ಡಿನಲ್ಲಿ ಇವರು ಮುಂದೆ ಗಣಿತ ವಿಜ್ಞಾನದ ಕೋರ್ಸಿಗೆ ಹೋಗ್ಲಿಕ್ಕಿಲ್ಲ ಅಂತ ಬರೆಯುವ ಅನ್ನೋ ಪ್ರಸ್ತಾಪ. ಕೇಳ್ಲಿಕ್ಕೆ ಕಟು ಅನಿಸ್ತದೆ, ಹದಿನೈದು ವರ್ಷದ ಮಗುವಿನ ಹಣೆಬರಹ ಬರೆದ ಹಾಗೆ. ಆದ್ರೆ ಪ್ರಾಮಾಣಿಕತೆ ಉಂಟು ಅದರಲ್ಲಿ, ನಿನಗೆ ಸ್ಕೂಲು ಮುಗಿಸಿದ ಸರ್ಟಿಫಿಕೇಟ್ ಕೊಡ್ತೇವೆ, ಸೈನ್ಸಿಗೆ ತಯಾರಾಗಿದ್ದೀ ಅಂತ ಮಾತ್ರ ಹೇಳೋದಿಲ್ಲ ಅಂತ. ಸಿಬಿಎಸ್‌ಇ ಗಣಿತದಲ್ಲಿ 2020ರ ಬೋರ್ಡ್ ಪರೀಕ್ಷೆಯಿಂದ ಬೇಸಿಕ್, ಸ್ಟ್ಯಾಂಡರ್ಡ್ ಅಂತ ಎರಡು ಹಂತ ಮಾಡಿದ್ದು ಸ್ವಲ್ಪ ಇದೇ ಯೋಚನೆಯಲ್ಲಿ. ಕರ್ನಾಟಕದ ನಿಯಮದಲ್ಲಿ ಹೊಸಿಲು ಮಾತ್ರ ಇಳೀತು, ಸ್ಕೂಲು ಮುಗಿಸಿದ್ನಾ, ಸೈನ್ಸಿಗೆ ತಯಾರಾಗಿದ್ದಾನಾ ಅನ್ನೋ ಎರಡು ಪ್ರಶ್ನೆಯನ್ನು ಬೇರೆ ಮಾಡ್ಲೇ ಇಲ್ಲ.

ಮುಂದಿನ ಬಾಗಿಲುಗಳು ಇದ್ದಲ್ಲೇ ಇವೆ

ಎಸ್ಸೆಸ್ಸೆಲ್ಸಿ ಪಾಸಾದ ಯಾರು ಬೇಕಾದ್ರೂ ಪಿಯುಸಿ ಸೈನ್ಸ್ ಕೇಳಬಹುದು. ಮೆರಿಟ್ ಲಿಸ್ಟಿನಲ್ಲಿ ಸಿಗ್ತದೋ ಇಲ್ವೋ ಬೇರೆ ಮಾತು, ವಿಜ್ಞಾನದಲ್ಲಿ 30 ಬಂದವನಿಗೆ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ) ಇಲ್ಲ ಅನ್ನೋ ನಿಯಮ ಇಲ್ಲ. ನಮ್ಮ ಕಡೆ ಸೈನ್ಸ್ ಅಂದ್ರೆ ಮನೆತನದ ಮರ್ಯಾದೆ ಬೇರೆ, ಸೀಟು ಖಾಲಿ ಇರುವ ಕಾಲೇಜು ಹುಡುಕಿಯಾದ್ರೂ ಹಾಕ್ತಾರೆ. ಅಲ್ಲಿ ಮೊದಲ ವಾರವೇ ವೆಕ್ಟರ್, ಮೋಲ್ ಲೆಕ್ಕ. ಫಸ್ಟ್ ಪಿಯುಸಿಯಲ್ಲಿ ಎಷ್ಟು ಮಕ್ಕಳು ಬಿದ್ರು, ಎಷ್ಟು ಮಕ್ಕಳು ಕಾಮರ್ಸಿಗೆ ಬದಲಾಯಿಸಿದ್ರು ಅಂತ ಯಾವ ಸಚಿವರೂ ಪ್ರೆಸ್‌ಮೀಟ್ ಮಾಡೋದಿಲ್ಲ, ಆದ್ದರಿಂದ ಹತ್ತನೇ ಕ್ಲಾಸಿನಲ್ಲಿ ಕಾಣದ ಫೇಲು ಇಲ್ಲಿ ಬಂದು ಸದ್ದಿಲ್ಲದೆ ಆಗ್ತದೆ.

ಪಿಯುಸಿಯನ್ನೂ 33ರಲ್ಲಿ ದಾಟಿದ ಅಂತಿಟ್ಕೊಳ್ಳುವ. ಇಂಜಿನಿಯರಿಂಗ್ ಸಿಇಟಿ ಸೀಟಿಗೆ ಪಿಸಿಎಂನಲ್ಲಿ 45 ಪರ್ಸೆಂಟ್ ಬೇಕು, ಮೀಸಲಾತಿ ಇದ್ದವರಿಗೆ 40. ನೀಟ್ ದಾರಿಗೆ ಪಿಸಿಬಿಯಲ್ಲಿ 50, ಮೀಸಲಾತಿಗೆ 40. ಇಲ್ಲಿನ ಎಷ್ಟೋ ಮನೆಗಳ ಕನಸಾದ ಬಿಎಸ್ಸಿ ನರ್ಸಿಂಗಿಗೂ ಸಾಮಾನ್ಯ ವರ್ಗಕ್ಕೆ 45. ಈ ಯಾವ ಬಾಗಿಲೂ ಎರಡು ಇಂಚು ಕೂಡ ಕೆಳಗೆ ಬಂದಿಲ್ಲ, ರಾಜ್ಯ ಸರ್ಕಾರ ಒಬ್ಬರೇ ಇಳಿಸ್ಲಿಕ್ಕೆ ಆಗೋದೂ ಇಲ್ಲ, ಯಾಕಂದ್ರೆ ಅದರಲ್ಲಿ ಬಹುಪಾಲು ದಿಲ್ಲಿಯ ಕೌನ್ಸಿಲುಗಳು ಹಾಕಿದ ಗೆರೆ. ಹಾಗಾಗಿ 33 ಮತ್ತು 45ರ ಮಧ್ಯೆ ಪಾಸಾದ, ಆದ್ರೆ ಸೈನ್ಸ್ ಓದಿದ್ದಕ್ಕೆ ಸೈನ್ಸಿನ ಯಾವ ದೊಡ್ಡ ಕೋರ್ಸೂ ಸಿಗದ ಒಂದು ಗುಂಪು ದೊಡ್ಡದಾಗ್ತಾ ಹೋಗ್ತದೆ.

ಐಟಿಐ ಕಡೆ ವಿಷಯ ಬೇರೆ ಥರ. ಇಲೆಕ್ಟ್ರಿಷಿಯನ್ ಥರದ ಟ್ರೇಡಿಗೆ ವಿಜ್ಞಾನ, ಗಣಿತ ಇದ್ದು ಹತ್ತನೇ ಕ್ಲಾಸ್ ಪಾಸ್ ಆಗಿರ್ಬೇಕು ಅಂತ ಮಾತ್ರ ಉಂಟು. ಇಲ್ಲಿ ಹೊಸ ನಿಯಮ ನಿಜವಾಗಿ ಬಾಗಿಲು ತೆರೀತದೆ, ಕೈಕೆಲಸದಲ್ಲಿ ಚುರುಕಿದ್ದು ಪೇಪರಿನಲ್ಲಿ 28 ಬಾರದೆ ಹೊರಗೆ ಉಳಿದ ಹುಡುಗನಿಗೆ ಇದು ದೊಡ್ಡ ಲಾಭ. ಬೆಂಬಲಿಸುವವರ ವಾದ ಎಲ್ಲಕ್ಕಿಂತ ಗಟ್ಟಿಯಾಗಿ ನಿಲ್ಲೋದು ಈ ಜಾಗದಲ್ಲೇ. ಬೆಲೆಯೂ ಉಂಟು ಅದಕ್ಕೆ, ವೋಲ್ಟೇಜ್, ಕರೆಂಟ್, ರೆಸಿಸ್ಟೆನ್ಸ್ ಅಂದ್ರೆ ಎಂತ ಅನ್ನೋದರಿಂದ ಐಟಿಐ ಇನ್‌ಸ್ಟ್ರಕ್ಟರ್ ಶುರು ಮಾಡಬೇಕಾಗ್ತದೆ, ಹೈಸ್ಕೂಲು ಮಾಡಬೇಕಾದ ಕೆಲಸ ಅವರ ತಲೆಗೆ.

ನಮ್ಮ ಎರಡು ಜಿಲ್ಲೆಗೆ ಎಂತ

2025ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ 91.12 ಪರ್ಸೆಂಟಿನಲ್ಲಿ ಫಸ್ಟು, ಉಡುಪಿ 89.96ರಲ್ಲಿ ಸೆಕೆಂಡು. ಅದೇ ವರ್ಷ ಪಿಯುಸಿಯಲ್ಲಿ ಉಡುಪಿ 93.90, ದಕ್ಷಿಣ ಕನ್ನಡ 93.57. ರಾಜ್ಯವೇ 66ರಲ್ಲಿ ಇದ್ದಾಗ ಇಲ್ಲಿ 90, ಆದ್ದರಿಂದ ಪಾಸ್ ಪರ್ಸೆಂಟೇಜಿನಲ್ಲಿ ನಮಗೆ ಏರ್ಲಿಕ್ಕೆ ಜಾಗವೇ ಕಮ್ಮಿ. ಏರಿಕೆ ಕಾಣೋದು ಕಲಬುರಗಿ, ಯಾದಗಿರಿ ಕಡೆ. ಜಿಲ್ಲೆಗಳ ಮಧ್ಯದ ಅಂತರ ಕಾಗದದಲ್ಲಿ ಕಿರಿದಾಗಿ ಕಾಣ್ತದೆ, ನೋಡಿ ಹಿಂದುಳಿದ ಜಿಲ್ಲೆ ಮೇಲೆ ಬಂತು ಅಂತ ಭಾಷಣವೂ ಆಗ್ತದೆ, ಅಲ್ಲಿನ ಶಾಲೆಗೆ ಒಬ್ಬ ಸೈನ್ಸ್ ಟೀಚರ್ ಜಾಸ್ತಿ ಹೋಗಿದ್ರಾ ಇಲ್ವಾ ಅನ್ನೋದನ್ನು ಕೇಳುವವರು ಕಮ್ಮಿ ಆಗ್ತಾರೆ.

ಬುದ್ಧಿವಂತರ ಜಿಲ್ಲೆ ಅಂತ ನಾವೇ ಕರ್ಕೊಂಡು ಖುಷಿಪಡುವ ಈ 90ರ ಹೊರಗೆ ಉಳಿಯೋ ಹತ್ತರಲ್ಲಿ ಒಂದು ಮಗು ಯಾರದ್ದು ಅಂತಲೂ ನೋಡಬೇಕು. ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು, ವರ್ಷದ ಮಧ್ಯದಲ್ಲಿ ಶಾಲೆ ಬದಲಾಯಿಸುವವರು, ಮನೆಯಲ್ಲಿ ಹೇಳಿಕೊಡ್ಲಿಕ್ಕೆ ಯಾರೂ ಇಲ್ಲದವರು. ಇಂಥ ಮಕ್ಕಳಿಗೆ ಪಾಸ್ ಸರ್ಟಿಫಿಕೇಟ್ ನಿಜವಾಗಿ ಬೇಕು, ಅದನ್ನು ಕಡೆಗಣಿಸಿ ಗುಣಮಟ್ಟದ ಬಗ್ಗೆ ಮಾತಾಡೋದು ಎಸಿ ರೂಮಿನ ಮಾತು. ಆದ್ರೆ ಟ್ಯೂಷನ್ ಇಲ್ಲದ ಮಗುವಿಗೆ ವಿಜ್ಞಾನ ಸಿಗುವ ಜಾಗ ಶಾಲೆ ಒಂದೇ, ಶಾಲೆಯಲ್ಲೂ ಹನ್ನೆರಡು ಮಾರ್ಕಿನಷ್ಟೇ ಸಾಕು ಅಂತ ಆದ್ರೆ ಅವನಿಗೆ ಬೇರೆ ಎಲ್ಲೂ ಸಿಗೋದಿಲ್ಲ. ಸೈನ್ಸ್ ಕೋಚಿಂಗಿಗೆ ಮೂಡುಬಿದಿರೆ, ಕಾರ್ಕಳಕ್ಕೆ ಹಾಸ್ಟೆಲಿಗೆ ಕಳಿಸುವವರ ಮಕ್ಕಳಿಗೆ ಈ ಹೊಸಿಲು 28 ಆದ್ರೂ ಒಂದೇ 10 ಆದ್ರೂ ಒಂದೇ. ಹೊಸ ನಿಯಮಕ್ಕೆ ಮೊದಲೂ ಅವರು ಹೊಸಿಲಿನ ಎಷ್ಟೋ ಮೇಲೆಯೇ ಇದ್ರು.

ಸರಿಪಡಿಸ್ಲಿಕ್ಕೆ ದಾರಿ ಇಲ್ಲ ಅಂತಲ್ಲ. ಒಟ್ಟು 33 ಇರ್ಲಿ, ವಿಷಯಕ್ಕೆ 30 ಇರ್ಲಿ, ಪೇಪರಿನಲ್ಲಿ 28 ಜಾಸ್ತಿ ಅನಿಸಿದ್ರೆ ಕೇರಳದ ಹಾಗೆ 24 ಅಂತ ಒಂದು ಗೆರೆ ಹಾಕಬಹುದು. ಅದಾಗದಿದ್ರೆ ವಿಜ್ಞಾನದ ಇಂಟರ್ನಲ್ ಇಪ್ಪತ್ತರಲ್ಲಿ ಹತ್ತನ್ನಾದ್ರೂ ಬೇರೆ ಶಾಲೆಯ ಟೀಚರ್ ಬಂದು ನೋಡುವ ಒಂದು ಚಿಕ್ಕ ಪ್ರಾಕ್ಟಿಕಲಿಗೆ ಇಡಬಹುದು, ಪಿಯುಸಿಯಲ್ಲಿ 30 ಮಾರ್ಕಿಗೆ ಈಗಾಗಲೇ ಮಾಡ್ತಾ ಇರುವ ಕ್ರಮವೇ ಅದು. ಎರಡನೆಯದ್ದಕ್ಕೆ ಲ್ಯಾಬ್ ಬೇಕು, ಟೀಚರ್ ಬೇಕು, ದುಡ್ಡು ಬೇಕು. ಪಾಸ್ ಮಾರ್ಕು ಇಳಿಸ್ಲಿಕ್ಕೆ ಒಂದು ಅಧಿಸೂಚನೆ ಸಾಕಾಯ್ತು.

ಸದ್ಯಕ್ಕೆ ಮಗು ವಿಜ್ಞಾನದಲ್ಲಿ 30ರಿಂದ 40ರ ಮಧ್ಯೆ ಪಾಸಾಗಿ ಬಂದ್ರೆ ಮನೆಯವರು ನೋಡಬೇಕಾದ್ದು ಟೋಟಲ್ಲನ್ನಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಇಂಟರ್ನಲ್ ಎಷ್ಟು, ಬರೆದದ್ದು ಎಷ್ಟು ಅಂತ ಬೇರೆ ಬೇರೆ ಇರ್ತದೆ, ಬರೆದದ್ದು 28ರ ಕೆಳಗೆ ಇದ್ದು ಪಿಯುಸಿ ಸೈನ್ಸ್ ಆಸೆ ಇದ್ರೆ ಕಾಲೇಜಿನ ಅಪ್ಲಿಕೇಶನ್ ತರುವ ಮೊದಲು ಆ ಮಗುವಿನ ಸೈನ್ಸ್ ಟೀಚರ್ ಹತ್ರ ಒಮ್ಮೆ ಮಾತಾಡಿ. ಪಾಸಾದವರೂ ಪರೀಕ್ಷೆ 2ರಲ್ಲಿ ಮತ್ತೆ ಬರೀಬಹುದು, ಯಾವುದರಲ್ಲಿ ಜಾಸ್ತಿ ಬಂದಿದೆಯೋ ಅದನ್ನೇ ಇಟ್ಕೊಳ್ತಾರೆ.